ಎಮ್ಮೆಗೆ ಒಗ್ಗಿದ ಸೀರೆ

ಸಿರುಗುಪ್ಪದ ಮನೆಯ ಹೊಸಿಲಿನ ಮೇಲೆ ಇಟ್ಟಿದ್ದ ಅಕ್ಕಿಯ ಸೇರನ್ನು ಬಲಗಾಲಿನಿಂದ ಸರಿಸಿ ಒಳಗೆ ಬಂದ ನನ್ನ ಮುಖದ ಮೇಲೆ ಬಿಸಿಯುಸಿರು ಬಿಟ್ಟದ್ದು ಒಂದು ಎಮ್ಮೆ. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆಲ್ಲ ಕತ್ತಲೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಒಂದು ಕೋಲು ಬೆಳಕಿನಲ್ಲಿ ಎರಡು ಕೊಂಬು, ಒಂದು ಒದ್ದೆ ಮೂಗು ಕಂಡವು. ನಾನು ಹೊಸಿಲಿನಾಚೆಗೇ ಹಿಂದೆ ಸರಿದೆ.

"ಅಂಜಬ್ಯಾಡವಾ, ಆಕಿ ಮನಿಯಾಕಿ," ಎಂದರು ಅತ್ತೆ.

ನನಗಿರುವ ನೆನಪು ಇದು. ದಿನಚರಿಯಲ್ಲಿ ಆ ದಿನ ಬರೆದಿರುವುದು "ಬಿಸಿಲು. ಬಾಗಿಲಲ್ಲೇ ಎಮ್ಮೆ" ಎಂದಷ್ಟೇ. ನಾವು ಊರು ಸೇರುವಾಗ ದೀಪ ಹಚ್ಚುವ ಹೊತ್ತಾಗಿತ್ತು ಎಂದು ನಮ್ಮ ಯಜಮಾನರು ಇವತ್ತಿಗೂ ವಾದಿಸುತ್ತಾರೆ. ಹಾಗಿದ್ದರೆ ಆ ಬೆಳಕಿನ ಕೋಲು ಎಲ್ಲಿಂದ ಬಂತು? ಬೇರೆ ಯಾವುದೋ ದಿನದ್ದನ್ನು ತಂದು ಇಲ್ಲಿ ನಿಲ್ಲಿಸಿಕೊಂಡಿರಬಹುದು. ಎಮ್ಮೆಯ ಉಸಿರು ಮಾತ್ರ ಆ ದಿನದ್ದೇ.

ಯುದ್ಧ ಮುಗಿದಿತ್ತು. ಇದ್ದಿಲಿನ ಹೊಗೆ ಕಾರುವ ಬಸ್ಸುಗಳು ಬಳ್ಳಾರಿ ಕಡೆಯ ರಸ್ತೆಗಳಲ್ಲಿ ಇನ್ನೂ ಓಡುತ್ತಿದ್ದವು. ಇದನ್ನು ಓದುವ ಮೈಸೂರಿನವರೇ, ನಿಮ್ಮ ಕಡೆಯವಳೇ ಆದ ನಾನು ಬಂದು ಸೇರಿದ್ದು ಆಗ ಬೇರೆ ಸರ್ಕಾರದ ನೆಲ, ಮದ್ರಾಸ್ ಪ್ರಾಂತ್ಯ. ನಮ್ಮಲ್ಲಿ ದನವೆಂದರೆ ಹಿತ್ತಲಿನ ಮಾತು. ಇಲ್ಲಿ ಮುಂಬಾಗಿಲ ಒಳಗಿನ ಮೊದಲ ಅಂಕಣವೇ ದನಗಳದ್ದು. ಅದನ್ನು ದಾಟಿ, ಮೂರು ಅಡಿ ಎತ್ತರದ ಪಡಸಾಲೆ ಹತ್ತಿದರೆ ಮನುಷ್ಯರದ್ದು. ಅಡುಗೆಮನೆ ಇನ್ನೂ ಒಳಗೆ. ಒಲೆಯ ಮುಂದೆ ಕೂತರೂ ಎಮ್ಮೆ ಮೆಲುಕು ಹಾಕುವ ಸದ್ದು ಕೇಳುತ್ತದೆ.

ಬಿ.ಎ. ಮುಗಿಸಿ ಬಂದವಳು ನಾನು. ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಬೇಕು. ನಾನು ಬೆರಳು ಸುಟ್ಟೀತೆಂದು ಆರಲು ಬಿಡುತ್ತಿದ್ದೆ. ರೊಟ್ಟಿಯ ಅಂಚು ಬಿರಿಯುತ್ತಿತ್ತು. "ನಿನ್ನ ರೊಟ್ಟಿ ನಕ್ಷೆ ಇದ್ದಂಗ ಐತಿ ನೋಡವಾ, ನಮ್ಮ ಜಿಲ್ಲಾ ಎಲ್ಲೈತಿ ತೋರಿಸು," ಎನ್ನುತ್ತಿದ್ದರು ಮಾವ. ಪುಂಡಿ ಸೊಪ್ಪಿನ ಹುಳಿ, ಗುರೆಳ್ಳು ಪುಡಿಯ ಕಹಿ ಬೆರೆತ ರುಚಿ, ಊಟದ ನಡುವೆ ಕಡಿಯುವ ಹಸಿ ಈರುಳ್ಳಿ ಇವೆಲ್ಲ ನಾಲಿಗೆಗೆ ನಿಧಾನವಾಗಿ ಒಗ್ಗಿದವು. ಮೊದಲ ವರ್ಷದ ಕೊನೆಗೆ ನನ್ನ ರೊಟ್ಟಿ ಹೆಂಚಿನ ಮೇಲೆ ಉಬ್ಬಿತು. ಅಂದು ಮಾವ ನಕ್ಷೆಯ ಮಾತು ಬಿಟ್ಟು ಇನ್ನೊಂದು ಹಾಕಿಸಿಕೊಂಡರು. ಬಿ.ಎ. ತೇರ್ಗಡೆಯಾದ ಸುದ್ದಿ ಬಂದ ದಿನಕ್ಕಿಂತ ಅಂದು ಹೆಚ್ಚು ಹಿಗ್ಗಿದೆನೇ? ಹಾಗೆ ಬರೆಯಲು ಆಸೆ. ನಿಜವೋ ಅಲ್ಲವೋ ತಿಳಿಯದು.

ನಮ್ಮ ಯಜಮಾನರು ಬಳ್ಳಾರಿಯಲ್ಲಿ ಹೈಸ್ಕೂಲು ಮೇಷ್ಟರು. ಅಲ್ಲೊಂದು ಕೋಣೆ ಹಿಡಿದು, ಶನಿವಾರ ಊರಿಗೆ ಬರುತ್ತಿದ್ದರು. "ಅಲ್ಲೇ ಒಂದು ಮನೆ ಮಾಡಿ, ನನ್ನನ್ನೂ ಕರೆದುಕೊಂಡು ಹೋಗಿ," ಎಂದು ಬಂದ ಮೊದಲ ತಿಂಗಳಿನಿಂದಲೂ ನಾನು ಅವರಿಗೆ ಹೇಳುತ್ತಿದ್ದೆ. ಬಳ್ಳಾರಿಯಲ್ಲಿ ವಿದ್ಯುತ್ ದೀಪವಿತ್ತು, ಓದಲು ಪತ್ರಿಕೆಗಳಿದ್ದವು, ಕಾಫಿ ಎಂದರೆ ಅರ್ಥವಾಗುವ ಜನರಿದ್ದರು.

ಅಷ್ಟರಲ್ಲಿ ಮಗಳು ಹುಟ್ಟಿದಳು. ಅವಳಿಗೆ ವರ್ಷ ತುಂಬುವ ಮೊದಲೇ ನನ್ನ ಹಾಲು ಬತ್ತಿತು. ಎಮ್ಮೆ ಕರು ಹಾಕುವವರೆಗೆ ಹೊರಗಿನಿಂದ ತಂದ ಹಾಲು ಕುಡಿಸಿದೆವು. ಮಗು ಭೇದಿಯಿಂದ ಸೊರಗಿತು. ಮನೆಯ ಎಮ್ಮೆಯ ಹಾಲಿಗೆ ನೀರು ಬೆರೆಸಿ ಕಾಯಿಸಿ ಕೊಡಲು ಶುರುಮಾಡಿದ ಮೇಲೆ ಮಗುವಿನ ಕೆನ್ನೆ ತುಂಬಿಕೊಂಡಿತು.

ಆಗ ಕುರುಗೋಡಿನಿಂದ ಸುದ್ದಿ ಬಂತು. ನನ್ನ ನಾದಿನಿಗೆ ಹೆರಿಗೆ ಹತ್ತಿರ ಬಂದಿದೆ, ಪ್ರಯಾಣ ಮಾಡುವ ಸ್ಥಿತಿಯಿಲ್ಲ, ತಾಯಿಯೇ ಬಂದು ಬಾಣಂತನ ಮಾಡಬೇಕು. ಅತ್ತೆ ಹೊರಡುವುದು ಖಚಿತವಾಯಿತು. ಎಮ್ಮೆಯೂ ಹೊರಡುವುದು ಖಚಿತವೆಂದು ಎಲ್ಲರೂ ಮಾತಾಡಿಕೊಂಡರು, ಏಕೆಂದರೆ ಅದು ಅತ್ತೆಯೊಬ್ಬರಿಗೇ ಹಾಲು ಕೊಡುತ್ತಿತ್ತು. ಬೇರೆಯವರು ಕೆಚ್ಚಲು ಮುಟ್ಟಿದರೆ ಸೊರೆ ಬಿಡದೆ, ಎಂದರೆ ಹಾಲು ಇಳಿಸದೆ, ಮೇಲಕ್ಕೆ ಎಳೆದುಕೊಂಡು ನಿಲ್ಲುತ್ತಿತ್ತು.

"ಅಮಾಸಿ ಕಳದ ಮ್ಯಾಲೆ ಬಂಡಿ ಹೂಡ್ತಾರ. ಬಂಡಿ ಹಿಂದ ಕಟ್ಟಿಗೆಂಡು ಹೋಗಾದು," ಎಂದರು ಅತ್ತೆ.

"ಮಗುವಿಗೆ?"

"ಅದಾ ನನಗೂ ಸಂಕಟ. ನಿನ್ನ ಕೈಗೆ ಬಂದ್ರ ಬಿಟ್ಟು ಹೋಗ್ತೀನಿ."

"ಬರುತ್ತೆ," ಎಂದೆ. ಕೈಗೆ ಬರುತ್ತದೆಂಬ ನಂಬಿಕೆ ಆಗ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ತಂಬಿಗೆ ಹಿಡಿದು ಹೋದೆ. ಎಮ್ಮೆ ನನ್ನತ್ತ ಬಾಲ ಬೀಸಿ ಪಕ್ಕಕ್ಕೆ ಸರಿಯಿತು. ಕಾರಣ ಯೋಚಿಸಿದೆ. ಅದು ಆದವಾನಿ ಕಡೆಯಿಂದ ಬಂದದ್ದು, ಅತ್ತೆ ಅದರೊಂದಿಗೆ ತೆಲುಗಿನಲ್ಲೇ ಮಾತಾಡುತ್ತಿದ್ದರು. ತೊಂದರೆ ನನ್ನ ಮೈಸೂರು ಕನ್ನಡದ್ದೇ ಇರಬೇಕೆಂದು, "ದಾ ತಲ್ಲೀ" ಎಂದರೆ "ಬಾ ತಾಯಿ" ಎಂದು ಕಲಿತು, ಅದರ ಕಿವಿಯ ಹತ್ತಿರ ಹೇಳಿದೆ.

ಪಡಸಾಲೆಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಮಾವ ಅತ್ತೆಯನ್ನು ಕೂಗಿದರು. "ಬಾರಲೇ ಇಲ್ಲಿ. ಬಿ.ಎ. ಓದಿದಾಕಿ ಎಮ್ಮಿಗೆ ಸಾಲಿ ಕಲಿಸಾಕತ್ತಾಳ."

"ನೀವು ಸುಮ್ನ ಕುಂದರ್ರಿ. ನಲವತ್ತು ವರ್ಷ ಆತು, ನೀವೊಂದು ಹನಿ ಹಿಂಡಿಲ್ಲ," ಎಂದು ಅತ್ತೆ ಹೊರಬಂದು, ಗೂಟದ ಮೇಲಿದ್ದ ಒಂದು ಸೀರೆಯನ್ನು ನನ್ನ ಕೈಗೆ ಕೊಟ್ಟರು. "ಆಕಿಗೆ ಮಾತು ಬೇಕಾಗಿಲ್ಲವಾ, ವಾಸನಿ ಬೇಕು. ಸಂಜಿಗೆ ಇದನ್ನ ಉಟ್ಕಂಡು ಹೋಗು."

ಅತ್ತೆ ಹಿಂಡುವಾಗ ಮಾತ್ರ ಉಡುತ್ತಿದ್ದ ಕೊಟ್ಟಿಗೆ ಸೀರೆ ಅದು. ಸೆಗಣಿ, ಗಂಜಲ, ನೆನೆಸಿದ ಹತ್ತಿಕಾಳು, ಬೆವರು ಎಲ್ಲ ಸೇರಿ ಅದು ಬಟ್ಟೆಯ ಹಾಗೆ ಮಡಚುತ್ತಲೂ ಇರಲಿಲ್ಲ. ಇದನ್ನು ಉಟ್ಟು ಆಮೇಲೆ ಮಗುವನ್ನು ಎತ್ತಿಕೊಳ್ಳುವುದು ಹೇಗೆ? ಮಧ್ಯಾಹ್ನ ಎಲ್ಲರೂ ಒರಗಿದ್ದಾಗ, ಊರಿನಿಂದ ತಂದಿದ್ದ ಗಂಧದ ಸಾಬೂನು ಹಚ್ಚಿ ಚೆನ್ನಾಗಿ ಒಗೆದು ಮಾಳಿಗೆಯ ಮೇಲೆ ಹರವಿದೆ. ಅಲ್ಲಿಯ ಬಿಸಿಲಿಗೆ ಗಳಿಗೆಯಲ್ಲಿ ಒಣಗಿತು. ಸಂಜೆ ಉಟ್ಟು ಹೋದೆ. ಎಮ್ಮೆ ತಲೆಯೆತ್ತಿ ಒಮ್ಮೆ ಮೂಸಿ, ಕಾಲು ಝಾಡಿಸಿತು. ತಂಬಿಗೆ ಉರುಳಿತು.

ಅತ್ತೆ ಬಂದು ಸೆರಗನ್ನು ಮೂಗಿಗೆ ಹಿಡಿದರು.

"ಒಗದೇನು?"

"ಕೊಳೆಯಾಗಿತ್ತು ಅತ್ತೆ."

"ಯವ್ವಾ ನಮ್ಮವ್ವಾ, ದೇವರ ಗುಡಿಗೆ ಹೊಂಟಂಗ ಮಾಡಿಟ್ಟೀಯಲ್ಲ," ಎಂದು ಅಲ್ಲೇ ಕಂಬಕ್ಕೊರಗಿ ಕೂತರು. ಅಂದು ಅವರೇ ಆ ಸೀರೆ ಉಟ್ಟು ಹಿಂಡಲು ಹೋದಾಗಲೂ ಎಮ್ಮೆ ಬಹಳ ಹೊತ್ತು ಅನುಮಾನಿಸಿತು. ಅವರ ದನಿ ಕೇಳಿ, ಕೈ ಮೂಸಿ, ಕೊನೆಗೆ ಮಗುವಿಗಾಗುವಷ್ಟು ಕೊಟ್ಟಿತು. ಅತ್ತೆ ಬೈದರೆಂದು ನನ್ನ ದಿನಚರಿ ಹೇಳುತ್ತದೆ. ನನಗೆ ನೆನಪಿರುವುದು ಅವರ ನಗು. ಎರಡೂ ಆಗಿರಬೇಕು.

ಹಳೆಯ ವಾಸನೆ ಆ ಸೀರೆಗೆ ಮರಳಲು ಎಷ್ಟು ಕಾಲ ಬೇಕೋ. ಅಮಾವಾಸ್ಯೆಯವರೆಗೆ ಇದ್ದ ಬಿಡುವು ಸ್ವಲ್ಪವೇ. ಯೋಚಿಸಿ, ನನ್ನ ಪೆಟ್ಟಿಗೆಯಿಂದ ತಿಳಿನೀಲಿಯ ನೂಲಿನ ಸೀರೆ ತೆಗೆದೆ. ಹೊರಡುವಾಗ ಅಮ್ಮ ಕೊಟ್ಟದ್ದು.

"ಅತ್ತೆ, ಇದನ್ನು ನೀವು ಉಟ್ಟು ಹಿಂಡಿ. ನೀವು ಬಿಚ್ಚಿದ ಮೇಲೆ ನಾನು ಉಟ್ಟು ಮೇವು ಹಾಕ್ತೀನಿ, ಸೆಗಣಿ ಬಳೀತೀನಿ. ನಿಮ್ಮದೂ ನನ್ನದೂ ಒಂದೇ ವಾಸನೆ ಆಗಲಿ."

"ಇಂಥಾ ಸೀರಿ ಕೊಟ್ಟಿಗ್ಯಾಗ?"

"ಇರಲಿ."

ತಿಳಿನೀಲಿ ಸೀರೆಯುಟ್ಟ ಅತ್ತೆಯನ್ನು ಕಂಡು ಮಾವ ಎಲೆಗೆ ಸುಣ್ಣ ಹಚ್ಚುವುದನ್ನು ಮರೆತರು. "ಯಾರವಾ ಇಕಿ, ಮೈಸೂರಿನ್ಯಾಕಿ?" ಎಂದರು.

"ಹೌದ್ರಿ. ಇನ್ನ ಮ್ಯಾಲೆ ನಿಮ್ಮ ರೊಟ್ಟಿ ನೀವಾ ಬಡ್ಕಳ್ರಿ," ಎಂದರು ಅತ್ತೆ.

ಆ ಸೀರೆಗೆ ನೀರು ಮುಟ್ಟಿಸಲಿಲ್ಲ. ಅತ್ತೆ ಉಟ್ಟು ಹಿಂಡುವರು, ನಾನು ಉಟ್ಟು ಕಣಕಿ ಹಾಕುವೆನು. ಕಣಕಿ ಎಂದರೆ ಕತ್ತರಿಸಿದ ಜೋಳದ ದಂಟು. ಹತ್ತಿಕಾಳನ್ನು ನಾನೇ ನೆನೆಸಿ, ಒರಳಲ್ಲಿ ರುಬ್ಬಿ, ಕೈಯಾರೆ ತಿನ್ನಿಸಿದೆ. ಸ್ನಾನವನ್ನು ಬೆಳಗಿನ ಹಿಂಡುವಿಕೆ ಮುಗಿದ ಮೇಲಕ್ಕೆ ತಳ್ಳಿದೆ. ಸ್ನಾನವಿಲ್ಲದೆ ಒಲೆ ಮುಟ್ಟದ ಮನೆಯಲ್ಲಿ ಬೆಳೆದ ನನಗೆ ಇದು ಸುಲಭವಾಗಿರಲಿಲ್ಲ. ಅಮ್ಮ ನೋಡಿದ್ದರೆ ಏನೆನ್ನುತ್ತಿದ್ದಳೆಂದು ಕೊಟ್ಟಿಗೆಯಲ್ಲಿ ನಿಂತೇ ಯೋಚಿಸುತ್ತಿದ್ದೆ, ಕೈ ಮಾತ್ರ ನಿಲ್ಲಿಸುತ್ತಿರಲಿಲ್ಲ. ಆಮೇಲೆ ಅತ್ತೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅವರ ಕೈಯ ಕೆಳಗೆ ನನ್ನ ಕೈಯಿಟ್ಟೆ. ಅವರು ಒತ್ತಿದಂತೆ ಒತ್ತಿದೆ. ಒಂದು ಸಂಜೆ ಅವರು ಹೇಳದೆಯೇ ತಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ಎಮ್ಮೆ ಮೆಲುಕು ನಿಲ್ಲಿಸಿತು. ನಾನು ಒತ್ತುತ್ತಲೇ ಇದ್ದೆ. ಮೊಲೆ ಬಿಗಿಯಿತು, ಹಾಲು ತಂಬಿಗೆಯ ತಳಕ್ಕೆ ಬಿದ್ದ ಸದ್ದಾಯಿತು, ಎಮ್ಮೆ ಮತ್ತೆ ಮೆಲುಕು ಹಾಕತೊಡಗಿತು.

ಅಮಾವಾಸ್ಯೆ ಕಳೆದು ಬಂಡಿ ಬಂತು. ಅದರ ಹಿಂದೆ ಏನನ್ನೂ ಕಟ್ಟಲಿಲ್ಲ. ಅತ್ತೆ ಬಂಡಿ ಹತ್ತಿ, "ಸೀರಿ ಒಗಿಬ್ಯಾಡ," ಎಂದಷ್ಟೇ ಹೇಳಿ ಕುರುಗೋಡಿನ ದಾರಿ ಹಿಡಿದರು.

ಆ ಶನಿವಾರ ನಮ್ಮ ಯಜಮಾನರು ಬಹಳ ಉತ್ಸಾಹದಿಂದ ಬಂದರು. ಬಳ್ಳಾರಿಯಲ್ಲಿ ಮನೆ ಸಿಕ್ಕಿದೆ. ಕೋಟೆಗೆ ಹತ್ತಿರ. ಅಂಗಳದಲ್ಲಿ ನಲ್ಲಿ, ಒಳಗೆ ವಿದ್ಯುತ್ ದೀಪ. "ಮುಂದಿನ ವಾರಾನ ಹೋಗಾನು. ನೀ ಬಂದಾಗಿಂದ ಕೇಳಾಕತ್ತಿದ್ದೀಯಲ್ಲ," ಎಂದರು. ಮಾವ ಪಡಸಾಲೆಯಿಂದ ಕೇಳಿಸಿಕೊಂಡರು. ಮಗಳು ನನ್ನ ತೊಡೆಯ ಮೇಲೆ ಹಾಲು ಕುಡಿಯುತ್ತಿದ್ದಳು. ಸಂಜೆಯ ಹಿಂಡುವಿಕೆ ಆಗಷ್ಟೇ ಮುಗಿದಿತ್ತು, ನಾನು ಇನ್ನೂ ಅದೇ ಸೀರೆಯಲ್ಲಿದ್ದೆ.

"ಎಮ್ಮೆ?" ಎಂದೆ.

"ಎಮ್ಮಿ ಏನು?"

"ನಾನು ಹೋದರೆ ಯಾರು ಹಿಂಡ್ತಾರೆ?"

ಅವರು ಮಾವನ ಕಡೆ ನೋಡಿದರು, ಎಮ್ಮೆಯ ಕಡೆ ನೋಡಿದರು. ಆಗ ನಾನು ನಕ್ಕೆನೆಂದು ಅವರು ಹೇಳುತ್ತಾರೆ. ಸೆರಗಿನಿಂದ ಕಣ್ಣೊರೆಸಿಕೊಂಡೆನೆಂದು ನನ್ನ ನೆನಪು. ದಿನಚರಿ ಆ ದಿನ ಖಾಲಿ. ಅತ್ತೆ ಹಿಂತಿರುಗಿದ ಮೇಲೆ ನಾವು ಬಳ್ಳಾರಿಗೆ ಬಂದೆವು, ಆ ಮನೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಬಳ್ಳಾರಿ ಈಗ ಮೈಸೂರಿಗೆ ಸೇರಿದೆ, ನಾನೂ ನೀವೂ ಒಂದೇ ಸರ್ಕಾರದವರು. ಹಾಗಿದ್ದರೂ ಆ ಸಂಜೆ ನಾನು ಆಡಿದ ಮಾತಿನ ಎರಡು ತುದಿಗಳು ನನ್ನಲ್ಲಿ ಇನ್ನೂ ಕೂಡಿಲ್ಲ.

"ಮನೆ ಬಿಡಬೇಡಿ, ನಾನು ಬಂದೇ ಬರ್ತೀನಿ," ಎಂದೆ. ಆಮೇಲೆ ಮಗುವಿನ ಬಾಯಿ ಒರೆಸಿ, ಎಮ್ಮೆಯ ಕಡೆ ಕೈ ತೋರಿಸಿ, "ಈಕಿನ್ನ ಬಿಟ್ಟು ಮಾತ್ರ ಬರಾಕ ಆಗಂಗಿಲ್ರಿ," ಎಂದೆ.