ಮಾಳಪ್ಪನ ಹಿತ್ತಲಿನ ಇಂಜಿನ್ನು

ಅಕ್ಕಿಆಲೂರಿನ ನಮ್ಮ ಓಣಿಯ ಮಾಳಪ್ಪನಿಗೆ ಕೆಟ್ಟ ಸಾಮಾನು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಬಿಚ್ಚುವುದರಲ್ಲಿ ಅವನದು ಎತ್ತಿದ ಕೈ. ಜೋಡಿಸುವ ವಿಷಯ ಮಾತ್ರ ಕೇಳಬಾರದು. ಅವನ ಮನೆಯ ಗಡಿಯಾರ ಎಷ್ಟೋ ವರ್ಷಗಳಿಂದ ಉಪ್ಪಿನಕಾಯಿ ಡಬ್ಬಿಯಲ್ಲಿತ್ತು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಅವನ ಕಣ್ಣು ಅದೇ ಓಣಿಯ ಗುಡ್ಡಪ್ಪನ ತಿಪ್ಪೆಯ ಪಕ್ಕ ಬಿದ್ದಿದ್ದ ನೀರೆತ್ತುವ ಇಂಜಿನ್ನಿನ ಮೇಲೆ ಬಿತ್ತು. ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ ಸಣ್ಣ ಜಾತಿಯದು. ಅದರ ಅಡಿಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

“ಒಯ್ಯೋ ಮಾರಾಯಾ, ನನಗೂ ಜಾಗಾ ಖಾಲಿ ಆಗತೈತಿ,” ಎಂದ ಗುಡ್ಡಪ್ಪ.

ಮಾಳಪ್ಪ ಅದನ್ನು ಹೊತ್ತು ತಂದ. ಹೆಂಡತಿ ಅಡಿವೆವ್ವ ಮೊದಲು ಬೈದಳು, ಆಮೇಲೆ ಯೋಚಿಸಿದಳು. ಕೆರೆ ದಂಡೆಯ ಬದನೆ ಗಿಡಗಳಿಗೆ ಕೊಡದಲ್ಲಿ ನೀರು ಹೊತ್ತು ಹೊತ್ತು ಅವಳ ಸೊಂಟ ಬಿದ್ದುಹೋಗಿತ್ತು. ಇದು ಓಡಿದರೆ ಕೊಡ ಕೆಳಗಿಡಬಹುದು.

ಆದರೆ ಓಡಿದ್ದು ಗುಡ್ಡಪ್ಪನಿಗೆ ಗೊತ್ತಾಗಬಾರದು. ತಾನೇ ಕೊಟ್ಟ ಕುಂಬಳದ ಬೀಜಕ್ಕೆ, ಬಳ್ಳಿ ಕಾಯಿ ಬಿಟ್ಟಾಗ ಬಂದು ಪಾಲು ಕೇಳಿದ ಪುಣ್ಯಾತ್ಮ ಅವನು. ಆ ಬಳ್ಳಿ ನಮ್ಮ ಮನೆಯದೇ. ನನಗೆ ಇನ್ನೂ ಸಿಟ್ಟಿದೆ.

ಮಾಳಪ್ಪ ಹಿತ್ತಲಲ್ಲಿ ಕುಳಿತ. ಕಾರ್ಬುರೇಟರಿನ ಸಣ್ಣ ತೂತಿನಲ್ಲಿ ಕಟ್ಟಿದ್ದ ಹೊಲಸನ್ನು ಎಮ್ಮೆಯ ಬಾಲದ ಕೂದಲು ಕಿತ್ತು ಅದರಿಂದ ತೆಗೆದ. ಎಮ್ಮೆ ಒದ್ದಿತು. ಪ್ಲಗ್ಗಿನ ಮಸಿ ಕೆರೆದ. ಹಗ್ಗ ಜಗ್ಗಿ ಶುರು ಮಾಡಿ ನೋಡುವುದು ಮಾತ್ರ ಪಕ್ಕದ ಅಕ್ಕಿ ಗಿರಣಿ ಓಡುವಾಗ. ಆ ಗದ್ದಲದಲ್ಲಿ ಅವನ ಹಿತ್ತಲಲ್ಲಿ ಆನೆ ಕೂಗಿದರೂ ಯಾರಿಗೂ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಇಂಜಿನ್ನು ಕೆಮ್ಮಿತು, ಹೊಗೆ ಕಾರಿತು, ಡಬಡಬ ಎಂದು ಓಡಿಯೇಬಿಟ್ಟಿತು. ಮಾಳಪ್ಪ ಧೋತರ ಎತ್ತಿ ಕಟ್ಟಿ ಕುಣಿದ. ಅಷ್ಟರಲ್ಲಿ ಕರೆಂಟು ಹೋಗಿ ಗಿರಣಿ ನಿಂತದ್ದು ಅವನಿಗೆ ಗೊತ್ತೇ ಆಗಲಿಲ್ಲ. ಇಡೀ ಓಣಿ ಗಪ್ಪಾಗಿತ್ತು, ಅವನ ಹಿತ್ತಲೊಂದೇ ಬಡಿದುಕೊಳ್ಳುತ್ತಿತ್ತು. ಗಿರಣಿಗೆ ಭತ್ತ ತಂದವರೆಲ್ಲ ಗೋಡೆಯ ಮೇಲಿಂದ ಇಣುಕಿದೆವು. ನನ್ನ ಪಕ್ಕದ ತಲೆಯೇ ಗುಡ್ಡಪ್ಪನದು.

“ಮಾಳ್ಯಾ, ನಾ ಏನ್ ನಿನಗ ದಾನಾ ಕೊಟ್ಟಿದ್ನೇನೋ? ಕರಾ ಪಾಲಿಗೆ ಕೊಟ್ಟಂಗ ಕೊಟ್ಟೇನಿ. ಸಾಕಿದಿ, ಚಲೋ ಆತು. ಇನ್ನ ನಂದು ನನಗ ಕೊಡು.”

ಬಡಕಲು ಕರುವನ್ನು ಹೀಗೆ ಇನ್ನೊಬ್ಬರ ಮನೆಗೆ ಪಾಲಿಗೆ ಬಿಡುವುದು ನಮ್ಮ ಕಡೆಯ ರೂಢಿ. ಅದು ಬೆಳೆದು ಈದ ಮೇಲೆ ಆಕಳು ಯಜಮಾನನಿಗೆ, ಹುಟ್ಟಿದ ಕರು ಸಾಕಿದವರಿಗೆ. ಮಾಳಪ್ಪನ ಮುಖ ಬಾಡಿತು. ನನಗೆ ನಮ್ಮ ಕುಂಬಳದ ಬಳ್ಳಿ ನೆನಪಾಯಿತು.

ಅಡಿವೆವ್ವ ಸೆರಗು ಬಿಗಿದು ಮುಂದೆ ಬಂದಳು.

“ಖರೇ ಐತ್ರಿ ಅಣ್ಣಾರ. ಪಾಲಿಗೇ ಕೊಟ್ಟೀರಿ. ಎಲ್ಲಾರೂ ಕೇಳ್ಯಾರ.”

“ಮತ್ತ?” ಗುಡ್ಡಪ್ಪ ಮೀಸೆ ಸವರಿದ.

“ಮತ್ತೇನ್ರಿ, ಈಯೂತನಕ ನಮ್ಮ ಮನ್ಯಾಗ ಇರಬೇಕಲ್ರಿ? ಒಂದು ಮರಿ ಹಾಕಲಿ. ತಾಯಿನ್ನ ನೀವು ಹೊಡಕೊಂಡು ಹೋಗ್ರಿ, ಸಣ್ಣ ಇಂಜಿನ್ನು ನಮಗಿರ್ಲಿ.”

ನಾವು ನಕ್ಕ ನಗೆಗೆ ಗೋಡೆಯ ಮಣ್ಣು ಉದುರಿತು. ಪಾಲಿನ ಮಾತು ಎತ್ತಿದವನು ಗುಡ್ಡಪ್ಪನೇ ಆಗಿದ್ದ. ಭತ್ತವನ್ನೂ ಬಿಟ್ಟು ಮನೆಗೆ ನಡೆದ.

ಅಡಿವೆವ್ವ ಕೊಡ ಕೆಳಗಿಟ್ಟಳು. ಗುಡ್ಡಪ್ಪ ಕೆರೆಯ ಕಡೆ ಬಂದಾಗಲೆಲ್ಲ ಬದನೆ ಸಾಲಿನ ನಡುವಿನಿಂದ ಅವಳೇ ಕೂಗಿ ಹೇಳುತ್ತಿದ್ದಳು:

“ಇನ್ನೂ ಗಬ್ಬ ಆಗಿಲ್ರೀ ಅಣ್ಣಾರ!”