ಬಬ್ಬೂರಿನ ನೀರಲ್ಲಿ ಕಾಲು ತಿದ್ದಿಕೊಂಡದ್ದು

ಬಬ್ಬೂರಿಗೆ ಬಂದ ಮೂರನೇ ದಿನ ಮನೆ ಹಿಂದಿನ ನಾಲೆಯಲ್ಲಿ ಒಂದು ಸತ್ತ ಕುರಿ ತೇಲಿಕೊಂಡು ಹೋಯಿತು. ಹೊಟ್ಟೆ ಊದಿ ನಾಲ್ಕೂ ಕಾಲು ಮೇಲಾಗಿದ್ದವು. ದಡದಲ್ಲಿದ್ದ ಹೆಂಗಸರು ಬಟ್ಟೆ ಒಗೆಯುವುದನ್ನು ನಿಲ್ಲಿಸಲಿಲ್ಲ. ಒಬ್ಬಳು ಮಾತ್ರ ತನ್ನ ಸೀರೆಗೆ ತಾಗದಿರಲಿ ಎಂದು ಅದನ್ನು ಕೋಲಿನಿಂದ ಆಚೆ ತಳ್ಳಿದಳು. ನಮ್ಮ ಹಿರೇಗುಂಟನೂರು ಕಡೆ ಒಂದು ಮರಿ ಬಾವಿಗೆ ಬಿದ್ದರೆ ಊರೇ ಹಗ್ಗ ಹಿಡಿದು ನಿಲ್ಲುತ್ತದೆ. ಇಲ್ಲಿ, ಯಾರ ಕುರಿ ಎಂದು ಕೇಳಿದ್ದಕ್ಕೆ, "ಮೇಲಿಂದ ಬಂದೈತೆ, ಕೆಳಕ್ಕೆ ಹೋಗ್ತೈತೆ, ಬಿಡಜ್ಜಿ" ಎಂದರು. ವರ್ಷಕ್ಕೆ ಒಬ್ಬರೋ ಇಬ್ಬರೋ ಮನುಷ್ಯರೂ ಹೀಗೇ ಹೋಗುತ್ತಾರೆ ಎಂದು ಅದೇ ದನಿಯಲ್ಲಿ ಹೇಳಿದರು.

ನನ್ನ ಯಜಮಾನ ತೀರಿಕೊಂಡ ಮೇಲೆ ಕುರಿಗಳನ್ನು ಮೈದುನನಿಗೆ ಒಪ್ಪಿಸಿ ಮಗಳ ಮನೆ ಸೇರಿದೆ. ಅಳಿಯನಿಗೆ ಇಲ್ಲಿನ ಬೇಸಾಯದ ಫಾರಂನಲ್ಲಿ ಆಳಿನ ಕೆಲಸ. ಮಗಳು ಹೊಸ ತಳಿ ಹತ್ತಿಯ ಕ್ರಾಸಿಂಗಿಗೆ ಹೋಗುತ್ತಾಳೆ. ಅಂದರೆ ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದರ ಹೂವಿಗೆ ಮುಟ್ಟಿಸುವ ಕೆಲಸ. ಇಬ್ಬರೂ ಹೊತ್ತು ಮೂಡುವ ಮುಂಚೆ ಮನೆ ಬಿಡುತ್ತಾರೆ. ಆರು ವರ್ಷದ ಮೊಮ್ಮಗಳು ಮಾರಕ್ಕ ನನ್ನ ಪಾಲು.

ಮನೆ ಎಂದರೆ ತಗಡು ಹೊದಿಸಿದ ಒಂದು ಕೋಣೆ. ಮುದ್ದೆ ನಮ್ಮೂರಿನ ಹಾಗೇ, ಸಾರಿಗೆ ಮಾತ್ರ ಎಲ್ಲದಕ್ಕೂ ತೆಂಗಿನಕಾಯಿ. ಪಕ್ಕದ ಮನೆಯವರದು ಅರ್ಧ ತೆಲುಗು. ನೀರಿಗೆ ನೀಳ್ಳು ಎನ್ನುತ್ತಾರೆ. ಮೊದಲ ತಿಂಗಳು ನನ್ನನ್ನು ಯಾರೂ ತಾವಾಗಿ ಮಾತಾಡಿಸಲಿಲ್ಲ. ಅದನ್ನು ತಡೆದುಕೊಳ್ಳಬಹುದಿತ್ತು, ನಾಲೆಯ ಸದ್ದನ್ನು ತಡೆಯಲಾಗಲಿಲ್ಲ. ಊರಲ್ಲಿ ನಾವು ನೀರನ್ನು ಕೊಡದ ತಳದಲ್ಲಿ ನೋಡಿದವರು. ಇಲ್ಲಿ ಅದು ಮಾರಿಕಣಿವೆ ಕಟ್ಟೆಯಿಂದ ಬಂದು ಗೋಡೆಯ ಆಚೆಗೇ ಹರಿಯುತ್ತದೆ. ತುಂಬಿ ಬಿಟ್ಟಾಗ ಆಳು ಮುಳುಗುತ್ತಾನೆ.

ಸ್ಕೂಲು ನಾಲೆಯ ಆ ದಡದಲ್ಲಿ. ಸೇತುವೆ ಒಂದು ಮೈಲಿ ಕೆಳಗಿದೆ, ಅಷ್ಟು ದೂರ ಯಾರೂ ಸುತ್ತುವುದಿಲ್ಲ. ಎರಡು ತೆಂಗಿನ ದಿಮ್ಮಿ ಜೋಡಿಸಿ ಅಡ್ಡ ಹಾಕಿದ್ದಾರೆ, ಅದರ ಮೇಲೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಮಾರಕ್ಕನ ಲಂಗ ಹಿಂದಿನಿಂದ ಹಿಡಿದು ದಿನವೂ ದಾಟಿಸುತ್ತಿದ್ದೆ. ಒಂದು ದಿನ ನಡುವೆ ಅವಳ ಕಾಲು ಜಾರಿತು. ಲಂಗ ಕೈಯಲ್ಲಿತ್ತು, ಎಳೆದುಕೊಂಡೆ. ಮನೆಗೆ ಬಂದು ಕೂತು ಯೋಚಿಸಿದೆ. ಬಿದ್ದಿದ್ದರೆ ನಾನು ದಿಮ್ಮಿಯ ಮೇಲೆ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದೆ, ಅಷ್ಟೇ.

ಆವತ್ತೇ ಗೌರಕ್ಕನ ಹತ್ತಿರ ಹೋದೆ. ಅವಳು ನನ್ನ ವಯಸ್ಸಿನವಳೇ. ತೋಟದ ಬಾವಿಗಳಲ್ಲಿ ಬಿದ್ದ ಕೊಡಗಳನ್ನು ತೆಗೆದುಕೊಡುತ್ತಾಳೆ. ಪಾತಾಳಗರಡಿಯ ಕೊಕ್ಕೆಗೆ ಸಿಗದಿದ್ದರೆ ತಾನೇ ಮುಳುಗುತ್ತಾಳೆ. ಈಜು ಕಲಿಸು ಎಂದದ್ದಕ್ಕೆ ನಗಲಿಲ್ಲ. ಮಗುವಿಗೋಸ್ಕರವಾ ಎಂದು ಕೇಳಿದಳು. ಹೌದೆಂದೆ. ಇಲ್ಲಿ ಎಲ್ಲರೂ ಅನಾಹುತ ಆಗಿಹೋದ ಮೇಲೆ ಕಲಿಯಲು ಬರುತ್ತಾರೆ, ನೀನು ಮುಂಚೆ ಬಂದೆಯಲ್ಲ ಎಂದಳು.

ಕಚ್ಚೆ ಹಾಕಿ ಅವಳ ಮೆಟ್ಟಿಲು ಬಾವಿಗೆ ಇಳಿದೆ. ಬೆನ್ನಿಗೆ ಬೆಂಡು ಕಟ್ಟಿದಳು. ಅದು ಒಣಗಿದ ಕತ್ತಾಳೆ ಬೊಡ್ಡೆಯ ತುಂಡು, ಮುಳುಗಗೊಡುವುದಿಲ್ಲ. ಹದಿನೈದು ದಿನಕ್ಕೆ ಬೆಂಡು ಬಿಚ್ಚಿದಳು. ಕೈ ಸರಿಯಾಗಿ ಬಂತು, ಕಾಲು ಬರಲಿಲ್ಲ. ಇವರದು ಕಪ್ಪೆ ಈಜು. ಹಿಮ್ಮಡಿಯನ್ನು ಕುಂಡೆಯ ಹತ್ತಿರ ತಂದು, ಪಾದ ಹೊರಕ್ಕೆ ತಿರುಗಿಸಿ, ಅಂಗಾಲಿನಿಂದ ನೀರನ್ನು ಹಿಂದಕ್ಕೆ ಒದ್ದು, ಎರಡೂ ಕಾಲು ಕೂಡಿಸಿ ಒಂದು ಗಳಿಗೆ ಸುಮ್ಮನೆ ಜಾರಬೇಕು. ನಾನು ಎಷ್ಟು ಒದ್ದರೂ ನಿಂತಲ್ಲೇ ಇರುತ್ತಿದ್ದೆ. ಸೊಂಟ ಕೆಳಗಿಳಿದು ಬಾಯಿಗೆ ನೀರು ಬರುತ್ತಿತ್ತು.

"ಕುರಿಯಕ್ಕ, ನೀನು ನೀರಾಗೂ ಗುಡ್ಡ ಹತ್ತಾ ಇದ್ದೀಯ" ಎಂದಳು ಗೌರಕ್ಕ. "ಬೆರಳು ಯಾಕೆ ಹಂಗೆ ಬಿಗಿ ಹಿಡೀತೀಯ?"

ಆಗ ನೋಡಿಕೊಂಡೆ. ನಲವತ್ತು ವರ್ಷ ಎಕ್ಕಡ ಹಾಕಿ ಕಲ್ಲುಬೀಳಿನಲ್ಲಿ ಕುರಿ ಹಿಂದೆ ನಡೆದವಳು ನಾನು. ಎಕ್ಕಡ ಜಾರದಂತೆ ಹೆಬ್ಬೆರಳು ಮಡಿಸಿ ಅದರ ಉಂಗುಟವನ್ನು ಹಿಡಿದೇ ನಡೆಯಬೇಕು. ಬರಿಗಾಲಲ್ಲಿ, ನೀರೊಳಗೆ, ಇಲ್ಲದ ಎಕ್ಕಡವನ್ನು ಹಿಡಿಯುತ್ತಿದ್ದೆ. ಬೆರಳು ಮಡಿಸಿದರೆ ಪಾದ ತಿರುಗುವುದಿಲ್ಲ, ಅಂಗಾಲಿಗೆ ನೀರು ಸಿಗುವುದಿಲ್ಲ.

ಗೌರಕ್ಕ ಒಗೆಯುವ ಕಲ್ಲಿನ ಮೇಲೆ ನನ್ನನ್ನು ಬೋರಲು ಮಲಗಿಸಿ ಎರಡೂ ಪಾದ ಹಿಡಿದು ತಿರುಚಿದಳು. ಮಂಡಿ ತೀರಾ ಅಗಲವಾಗುತ್ತದೆಂದು ಟವಲಿನಿಂದ ಸಡಿಲವಾಗಿ ಕಟ್ಟಿದಳು. ಮನೆಯಲ್ಲಿ ಗೋಡೆಗೊರಗಿ ಕೂತು ಅವರೆ ಸುಲಿಯುವಾಗಲೂ ಪಾದ ಹೊರಕ್ಕೆ ತಿರುಗಿಸಿ ಬೆರಳು ಸಡಿಲ ಬಿಡುತ್ತಿದ್ದೆ. "ಅತ್ತೆ, ಈ ವಯಸ್ಸಿಗೆ ಯಾಕ್ರಿ ಇದು" ಎಂದ ಅಳಿಯ. ನಿನಗೆ ಬರುತ್ತಾ ಎಂದು ಕೇಳಿದೆ. ಎದ್ದು ಹೊರಗೆ ಹೋದ.

ಮೊದಲು ಬಾವಿ ದಾಟಲು ಇಪ್ಪತ್ತು ಒದೆತ ಬೇಕಾಗುತ್ತಿತ್ತು. ಎರಡು ತಿಂಗಳಿಗೆ ಏಳರಲ್ಲಿ ಮುಟ್ಟಿದೆ. ಆವತ್ತು ಗೌರಕ್ಕ ನನ್ನ ಎದೆಗೆ ಒಂದು ಮರಳಿನ ಚೀಲ ಕೊಟ್ಟು, ಮಗು ಹಿಡಿದಾಗ ಕೈ ಇರುವುದಿಲ್ಲ, ಕಾಲಷ್ಟೇ ಎಂದಳು. ಅಂಗಾತ ಮಲಗಿಕೊಂಡು ಬರೀ ಒದೆತದಲ್ಲೇ ಚೀಲವನ್ನು ದಡಕ್ಕೆ ತಂದೆ. ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ ಮಾರಕ್ಕ ಚಪ್ಪಾಳೆ ತಟ್ಟಿದಳು.

ಆ ಚಪ್ಪಾಳೆಯ ಅರ್ಥ ನನಗೆ ಆಗಲೇ ತಿಳಿಯಬೇಕಿತ್ತು.

ಮಾರನೇ ದಿನ ದಿಮ್ಮಿಯ ಹತ್ತಿರ ಲಂಗ ಹಿಡಿಯಹೋದರೆ ಕೊಸರಿಕೊಂಡು ಓಡಿದಳು. ಆ ದಡದಲ್ಲಿ ನಿಂತು, "ಬಿದ್ರೆ ನೀನು ತರ್ತೀಯಲ್ಲಜ್ಜಿ" ಎಂದಳು. ಎರಡೇಟು ಕೊಟ್ಟೆ. ಸೇತುವೆ ದಾರಿಯಲ್ಲಿ ಕರೆದುಕೊಂಡು ಹೋದೆ. ನಾನು ಕಾಣದ ಹೊತ್ತಿನಲ್ಲಿ ಮತ್ತೆ ದಿಮ್ಮಿಯ ಮೇಲೆಯೇ. ಮೊದಲು ಅದರ ಮೇಲೆ ಕೂತು ಜರುಗುತ್ತಿದ್ದವಳು ಈಗ ಕುಣಿಯುತ್ತಾಳೆ. ಗೌರಕ್ಕನಿಗೆ ಹೇಳಿದೆ.

"ಈಜು ಬಂದಿದ್ದು ನಿನಗೆ. ಧೈರ್ಯ ಬಂದಿದ್ದು ಅವಳಿಗೆ" ಎಂದಳು.

ಈ ನಡುವೆ ಮೈದುನನ ಮಗಳನ್ನು ನೋಡಲು ಗಂಡಿನವರು ಬರುತ್ತಾರೆಂದು ಊರಿಗೆ ಬಂದಿದ್ದೆ, ಊರಿನವರು ನೀವೆಲ್ಲ ನೋಡಿದಿರಿ. ಎಲ್ಲ ಕೇಳಿದ ಮೈದುನ, "ಅತ್ತಿಗೆ, ಹುಡುಗೀನ ಕರ್ಕಂಡು ಇಲ್ಲಿಗೇ ಬಂದ್ಬಿಡ್ರಿ. ಇಲ್ಲಿ ಸಾಯಾಕೂ ನೀರಿಲ್ಲ" ಎಂದ. ನಗು ಬಂತು. ನಿಜವೂ ಅನ್ನಿಸಿತು. ಆದರೆ ಇದನ್ನೇ ಮಗಳಿಗೆ ಹಿಂದೆಯೇ ಹೇಳಿ ನೋಡಿದ್ದೆ. ನಿನ್ನ ಹಾಗೆ ಅವಳೂ ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕುರಿ ಹಿಂದೆ ಹೋಗಲಿ ಎನ್ನುತ್ತೀಯಾ ಎಂದಿದ್ದಳು. ಹಟ್ಟಿಯಲ್ಲಿ ಕೂತಿದ್ದರೂ ದಿಮ್ಮಿಯೇ ಕಣ್ಣ ಮುಂದೆ. ಊಟಕ್ಕೂ ನಿಲ್ಲದೆ ಹೊರಟದ್ದಕ್ಕೆ ನೀವು ಬೇಜಾರು ಮಾಡಿಕೊಂಡಿರಿ.

ಕೆಂಪು ಬಸ್ಸು ಇಳಿದು ನೆಟ್ಟಗೆ ನಾಲೆಗೆ ಹೋದೆ. ಮಧ್ಯಾಹ್ನ ಊಟಕ್ಕೆ ಸ್ಕೂಲು ಬಿಟ್ಟಿತ್ತು. ಮಾರಕ್ಕ ಒಬ್ಬಳೇ, ದಿಮ್ಮಿಯ ನಡುವೆ. ನನ್ನನ್ನು ಕಂಡು ಎರಡೂ ಕೈ ಮೇಲೆತ್ತಿ ಬೀಸಿದಳು. ನಾನು ಕೂಗಲಿಲ್ಲ. ಕೂಗಿದರೆ ಬೆಚ್ಚುತ್ತಾಳೆ. ಗಂಟನ್ನು ಅಲ್ಲೇ ಹಾಕಿ, ಕಚ್ಚೆ ಎತ್ತಿ ಕಟ್ಟಿ, ಸದ್ದಿಲ್ಲದೆ ನೀರಿಗಿಳಿದೆ. ನೀರು ಕಡಿಮೆ ಬಿಟ್ಟಿದ್ದರು, ಸೊಂಟದ ಮಟ್ಟ ಇತ್ತು. ಅವಳು ಮೇಲೆ ನಡೆದಂತೆ ನಾನು ಕೆಳಗೆ ನಡೆದೆ. ಅವಳು ದಡ ಮುಟ್ಟಿ, ಹಸಿವು ಎಂದಳು.

ಸೇತುವೆಗೆ ಎಷ್ಟು ಕರೆದರೂ ಬರುವುದಿಲ್ಲ, ಈಗ ದಿನವೂ ಹಾಗೇ, ಅವಳು ಮೇಲೆ, ನಾನು ನೀರಲ್ಲಿ. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಎರಡು ಸಲ, ಸಂಜೆ ಒಂದು ಸಲ. ಒಗೆಯುವ ಹೆಂಗಸರು ಜರುಗಿ ಜಾಗ ಬಿಡುತ್ತಾರೆ, ಮಾತಾಡಿಸುತ್ತಾರೆ, ನಮ್ಮ ಅಜ್ಜಿ ಎನ್ನುತ್ತಾರೆ. ಊರಿನವರೇ, ಯಾವಾಗ ಬರುತ್ತೀಯ ಎಂದು ಹೇಳಿಕಳಿಸಬೇಡಿ. ಅಲ್ಲಿ ನನಗೆ ನೆಲ ಇದೆ, ಅದು ಗೊತ್ತು.

ನಿನ್ನೆ ನೀರಗಂಟಿ ಬಂದಿದ್ದ. ಅವನು ತೂಬು ನೋಡಿಕೊಳ್ಳುವವನು. ಸೋಮವಾರದಿಂದ ಪೂರ್ತಿ ಬಿಡುತ್ತಾರೆ, ಆಳು ಮುಳುಗುತ್ತೆ, ಹುಷಾರಾಗಿರಿ ಎಂದು ಮನೆಮನೆಗೆ ಹೇಳಿ ಹೋದ. ಇನ್ನು ದಿಮ್ಮಿಯ ಕೆಳಗೆ ಕಾಲಿಗೆ ತಳ ಸಿಗುವುದಿಲ್ಲ. ಹರಿಯುವ ನೀರಲ್ಲಿ ಒಂದೇ ಜಾಗದಲ್ಲಿ ನಿಲ್ಲುವುದು ಹೇಗೆ ಎಂದು ಗೌರಕ್ಕನನ್ನು ಕೇಳಿದೆ. ನಿಲ್ಲುವುದು ಎಂಬುದಿಲ್ಲ, ನೀರಿಗೆ ಎದುರಾಗಿ ಒದೆಯುತ್ತಲೇ ಇರಬೇಕು ಎಂದಳು. ಎಷ್ಟು ಹೊತ್ತು ಎಂದು ಕೇಳಿದೆ. ಮಗು ದಾಟುವವರೆಗೆ ಎಂದಳು.