ವಕೀಲರ ಡೈರೆಕ್ಟರಿಗೆ ನಾವು ಬರೆದದ್ದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಚೇರಿಯ ಬಾಗಿಲಿಗೆ ಹಸಿರು ಬಣ್ಣ ನಿಜವಾಗಿಯೂ ಇತ್ತೋ, ನಾನೇ ಆಮೇಲೆ ನೆನಪಿನಲ್ಲಿ ಬಳಿದುಕೊಂಡೆನೋ ಹೇಳಲಾರೆ. ನಶ್ಯದ ವಾಸನೆಯ ಬಗ್ಗೆ ಮಾತ್ರ ಅನುಮಾನವಿಲ್ಲ. ಕಳೆದ ವಾರ ಕೆಂಗೇರಿಗೆ ಹೋಗಲು ಮೆಟ್ರೋ ಹತ್ತಿ ಕೂತಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು ಅಂಗಿಯ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರು. ಎದುರಿನ ಹುಡುಗಿ ಮೂಗು ಮುಚ್ಚಿಕೊಂಡಳು. ನನ್ನ ಕಣ್ಣಲ್ಲಿ ನೀರು ಬಂತು. ಘಾಟಿಗೆ ಎಂದುಕೊಂಡೆ... ಅತ್ತಿಗುಪ್ಪೆ ದಾಟುವಷ್ಟರಲ್ಲಿ ಅದು ಘಾಟಿಗಲ್ಲ ಎಂದು ಗೊತ್ತಾಗಿತ್ತು.

ಎಂಬತ್ತರ ದಶಕದ ನಡುವೆ ನಾನು ರಾಜಾಜಿನಗರದ ಒಬ್ಬ ವಕೀಲರ ಬಳಿ ಜೂನಿಯರ್ ಆಗಿದ್ದೆ. ಅವರ ಮನೆಯ ಮುಂದಿನ ಕೋಣೆಯೇ ಕಚೇರಿ. ಅಲ್ಲಿಗೆ ನನ್ನನ್ನು ಸೇರಿಸಿದವರು ನನ್ನ ಸೋದರಮಾವ. ನಾಯಂಡಹಳ್ಳಿಯಲ್ಲಿ ಮಾವನದೊಂದು ಲೇಥ್ ವರ್ಕ್‌ಶಾಪ್ ಇತ್ತು. ಜಾಗ ಬಾಡಿಗೆಯದು. ಅದನ್ನು ಬಿಡಿಸಿಕೊಳ್ಳಲು ಮಾಲೀಕ ಕೇಸು ಹಾಕಿದ್ದ. ಮಾವನ ಪರ ವಾದಿಸುತ್ತಿದ್ದವರು ಈ ಸೀನಿಯರ್.

ನಮ್ಮ ಮನೆಯಲ್ಲಿ ಆಗ ಒಂದೇ ಮಾತು. ಹೆಣ್ಣು ವಕೀಲರ ಹತ್ತಿರ ಯಾರು ಕೇಸು ತರುತ್ತಾರೆ? ಬ್ಯಾಂಕ್ ಪರೀಕ್ಷೆ ಬರೆ, ನೆಮ್ಮದಿಯಾಗಿರು. ವರ್ಷದೊಳಗೆ ಏನಾದರೂ ಆಗಿ ತೋರಿಸು ಎಂದು ಅಪ್ಪ ಗಡುವು ಕೊಟ್ಟಿದ್ದರು. ಏನಾಗಿ ತೋರಿಸಬೇಕು ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮಾವನ ಕೇಸಿನಲ್ಲಿ ಮಾಲೀಕನ ಪಾಟಿ ಸವಾಲಿನ ದಿನ ಸೀನಿಯರ್‌ಗೆ ಗಂಟಲು ಕಟ್ಟಿತ್ತು. ಮಾತು ಹೊರಡುತ್ತಿರಲಿಲ್ಲ. ಫೈಲನ್ನು ನನ್ನ ಕೈಗೆ ಕೊಟ್ಟು ಹೋಗು ಎಂದು ಸನ್ನೆ ಮಾಡಿದರು. ಮಗ ಹಿಟ್ಟಿನ ಗಿರಣಿ ಹಾಕಬೇಕು, ಅದಕ್ಕೆ ಆ ಜಾಗ ಬೇಕು ಎಂಬುದು ಮಾಲೀಕನ ವಾದ. ಅತ್ತಿಗುಪ್ಪೆಯಲ್ಲಿ ಅವನದೇ ಇನ್ನೊಂದು ಅಂಗಡಿ ಖಾಲಿಯಾಗಿ, ಅದನ್ನು ಅವನು ಬೇರೆಯವರಿಗೆ ಬಾಡಿಗೆಗೆ ಕೊಟ್ಟ ಸಂಗತಿಯನ್ನು ನಾನು ಓಡಾಡಿ ಪತ್ತೆ ಮಾಡಿದ್ದೆ. ಗಿರಣಿ ಅಲ್ಲೇ ಯಾಕೆ ಹಾಕಲಿಲ್ಲ ಎಂದು ಕೇಳಿದೆ.

"ಆ ಜಾಗ ನಮಗೆ ಆಗಿಬರಲ್ಲ ಮೇಡಂ," ಎಂದ.

"ಅದರ ಬಾಡಿಗೆ ಆಗಿಬರುತ್ತಾ?"

ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ನ್ಯಾಯಾಧೀಶರೂ ಪೆನ್ನು ಕೆಳಗಿಟ್ಟರು. ಮಾವ ಗೋಡೆಗೆ ಒರಗಿ ನಿಂತು ಎಲ್ಲವನ್ನೂ ನೋಡಿದರು. ಆ ಕೋರ್ಟಿನಲ್ಲಿ ನಾವು ಗೆದ್ದೆವು.

ಅದಾಗಿ ಕೆಲವು ತಿಂಗಳಿಗೆ ಬೊಂಬಾಯಿಯ ಪ್ರಕಾಶಕರೊಬ್ಬರಿಂದ ಕಚೇರಿಗೆ ಕಾಗದ ಬಂತು. ಊರೂರಿನ ಒಳ್ಳೆಯ ವಕೀಲರನ್ನು ದರ್ಜೆವಾರು ವಿಂಗಡಿಸಿ ಒಂದು ಡೈರೆಕ್ಟರಿ ತರುತ್ತಾರಂತೆ. ಪ್ರತಿ ಕಚೇರಿ ತನ್ನ ಮುಖ್ಯ ಕೇಸುಗಳನ್ನು ಬರೆದು ಕಳಿಸಬೇಕು. ವಿಚಾರಿಸಲು ಇಬ್ಬರು ಕಕ್ಷಿದಾರರ ವಿಳಾಸ ಕೊಡಬೇಕು. ಜೊತೆಗೆ ಭರವಸೆಯ ಕಿರಿಯ ವಕೀಲರೆಂದು ಒಬ್ಬರ, ಒಬ್ಬರದು ಮಾತ್ರ, ಹೆಸರು ಸೂಚಿಸಬಹುದು.

"ವಕೀಲರು ಜಾಹೀರಾತು ಕೊಡಬಾರದಲ್ವಾ ಸಾರ್?" ಎಂದು ಕೇಳಿದೆ.

"ಜಾಹೀರಾತಲ್ಲ ಕಣಮ್ಮ, ಪರಿಚಯ. ನಾವಾಗಿ ಕೂಗಿದ್ರೆ ಜಾಹೀರಾತು. ಅವರಾಗಿ ಕೇಳಿದ್ರೆ ಪರಿಚಯ," ಎಂದು ನಕ್ಕು ನಶ್ಯ ಏರಿಸಿದರು.

ಬರೆಯುವ ಕೆಲಸ ನನ್ನದಾಯಿತು. ಮೊದಲ ಕರಡಿನಲ್ಲಿ 'ಅಪಾರ ಅನುಭವ', 'ಅದ್ವಿತೀಯ ವಾದವೈಖರಿ' ಎಂಬ ಅರ್ಥದ ಇಂಗ್ಲಿಷ್ ಮಾತುಗಳನ್ನೆಲ್ಲ ತುಂಬಿದ್ದೆ. ಅವರು ಕೆಂಪು ಪೆನ್ಸಿಲ್ ತೆಗೆದುಕೊಂಡರು.

"ಇದನ್ನ ಮದುವೆ ಬ್ರೋಕರೂ ಹೇಳ್ತಾನೆ ಬಿಡು. ಕೇಸಲ್ಲಿ ಏನು ಕಷ್ಟ ಇತ್ತು, ನಾವೇನು ಮಾಡಿದ್ವಿ, ಅದರಿಂದ ಕಕ್ಷಿದಾರನಿಗೆ ಏನಾಯ್ತು. ಅಷ್ಟು ಬರಿ. ಓದೋನು ಬುದ್ಧಿವಂತ ಅಂತ ತಿಳ್ಕೊಂಡು ಬರಿ."

ಹೀಗೆ ಹಲವು ಸಂಜೆ ಹೇಳಿಕೊಟ್ಟರು. ದೊಡ್ಡ ಕೇಸಿಗಿಂತ ನಮ್ಮ ಕೆಲಸ ಎದ್ದು ಕಾಣುವ ಕೇಸನ್ನು ಆರಿಸಬೇಕು. ಗಂಡಹೆಂಡಿರ ಜಗಳದ ಕೇಸುಗಳನ್ನು ಎಷ್ಟೇ ಚೆನ್ನಾಗಿ ಗೆದ್ದಿದ್ದರೂ ಮುಟ್ಟಬಾರದು, ಇನ್ನೊಬ್ಬರ ಮನೆಯ ಕಣ್ಣೀರಿನಿಂದ ನಾವು ಹೆಸರು ಮಾಡಬಾರದು. ಯಾವ ಕೇಸಿನಲ್ಲಿ ಯಾರು ಕೆಲಸ ಮಾಡಿದರೋ ಅವರದೇ ಹೆಸರು ಬರೆಯಬೇಕು, ಕಕ್ಷಿದಾರನನ್ನು ಕೇಳಿದಾಗ ಎರಡು ಮಾತು ಬರಬಾರದು. ಅಷ್ಟು ಚೆನ್ನಾಗಿ ನನಗೆ ಯಾವ ಕಾಲೇಜಿನಲ್ಲೂ ಯಾರೂ ಕಲಿಸಿರಲಿಲ್ಲ.

ಮಾವನ ಕೇಸನ್ನು ಮೊದಲು ಹಾಕು ಎಂದವರೂ ಅವರೇ. ವಿಚಾರಿಸಲು ಮಾವನ ವಿಳಾಸವನ್ನೇ ಕೊಡು ಎಂದರು. "ದೊಡ್ಡ ಕಂಪನಿಯೋರ ಹೆಸರು ಕೊಟ್ರೆ ಅವರಿಗೆ ನಮ್ಮ ಮುಖಾನೇ ನೆನಪಿರಲ್ಲ. ನಿಮ್ಮ ಮಾವ ಕೂರಿಸಿ ಕಾಫಿ ಕೊಟ್ಟು ಮಾತಾಡ್ತಾರೆ."

ಕಿರಿಯ ವಕೀಲರ ಜಾಗದಲ್ಲಿ ನನ್ನ ಹೆಸರನ್ನು ಟೈಪು ಮಾಡಿ ಅವರ ಮುಂದಿಟ್ಟೆ. ಓದಿ "ಸರಿ" ಎಂದರು. ಹಾಗೆಂದು ನನ್ನ ನೆನಪು. ತಲೆಯಾಡಿಸಿದರಷ್ಟೇ ಇರಬಹುದು... ಆ ತಲೆಯಾಡಿಸುವಿಕೆಯಲ್ಲಿ ಸರಿ ಎಂಬ ಮಾತನ್ನು ನಾನೇ ಕೇಳಿಸಿಕೊಂಡಿರಬಹುದು. ಸಹಿ ಮಾಡಿ ಕಳಿಸುತ್ತೇನೆ, ಬಿಟ್ಟು ಹೋಗು ಎಂದದ್ದಂತೂ ನಿಜ. ಕಕ್ಷಿದಾರರಿಗೆ ಮೊದಲೇ ಒಂದು ಮಾತು ತಿಳಿಸಬೇಕು, ಹಠಾತ್ತನೆ ಯಾರೋ ಬಂದು ಕೇಳಿದರೆ ಗಾಬರಿಯಾಗುತ್ತಾರೆ ಎಂದು ಆ ಭಾನುವಾರ ತಾವೇ ನಾಯಂಡಹಳ್ಳಿಗೆ ಹೋಗಿಬಂದರು. ಇಷ್ಟು ದೊಡ್ಡವರು ನಮ್ಮ ಮಾವನ ವರ್ಕ್‌ಶಾಪಿಗೆ ಹೋದರಲ್ಲ ಎಂದು ನಾನು ಮನೆಯಲ್ಲಿ ಹೇಳಿಕೊಂಡು ಓಡಾಡಿದೆ.

ಡೈರೆಕ್ಟರಿ ಬಂದ ದಿನದ ನನ್ನ ಡೈರಿಯಲ್ಲಿ ಇರುವುದು ಎರಡೇ ಪದ: 'ಪುಸ್ತಕ ಬಂತು.' ಉಳಿದದ್ದನ್ನೆಲ್ಲ ನೆನಪಿನಿಂದಲೇ ಹೇಳಬೇಕು.

ನಮ್ಮ ಕಚೇರಿಗೆ ಒಳ್ಳೆಯ ದರ್ಜೆ ಸಿಕ್ಕಿತ್ತು. ಮಾವನ ಕೇಸಿನ ವಿವರ, ಹೆಸರು ಬಿಟ್ಟರೆ, ನಾನು ಬರೆದ ಹಾಗೆಯೇ ಇತ್ತು. ಕಿರಿಯ ವಕೀಲರ ಜಾಗದಲ್ಲಿ ಮಾತ್ರ ಸೀನಿಯರ್ ಮಗನ ಹೆಸರಿತ್ತು. ಆ ಹುಡುಗ ಸನ್ನದು ಪಡೆದು ಇನ್ನೂ ಸರಿಯಾಗಿ ಕೋರ್ಟು ನೋಡಿರಲಿಲ್ಲ. ಪಾಟಿ ಸವಾಲಿನ ದಿನ ಊರಲ್ಲೇ ಇರಲಿಲ್ಲ. ಅವನ ಹೆಸರಿನ ಕೆಳಗೆ ಒಂದು ಸಾಲು: ಈ ಯುವಕನ ಪ್ರಶ್ನೆಗಳೇ ತಮ್ಮ ವರ್ಕ್‌ಶಾಪನ್ನು ಉಳಿಸಿದವೆಂದು ಕಕ್ಷಿದಾರರು ಹೇಳುತ್ತಾರೆ.

ಪುಸ್ತಕ ಹಿಡಿದುಕೊಂಡೇ ಒಳಗೆ ಹೋದೆ. ಸೀನಿಯರ್ ಕೂರು ಎನ್ನಲಿಲ್ಲ.

"ನೀನು ಟೈಪು ಮಾಡಿದ್ದನ್ನೇ ನಾನು ಕಳಿಸಿದ್ದು ಕಣಮ್ಮ. ಅವರ ಕಡೆಯೋರು ಬಂದು ನಿಮ್ಮ ಮಾವನ್ನ ಕೇಳಿದಾರೆ. ಅವರು ಯಾರ ಹೆಸರು ಹೇಳಿದ್ರೋ ಅದನ್ನ ಹಾಕಿದಾರೆ. ಬೇಕಾದ್ರೆ ನಿಮ್ಮ ಮಾವನ್ನೇ ಕೇಳು."

ನಾನು ಕೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅಮ್ಮನಿಗೆ ಇದ್ದ ಒಬ್ಬರೇ ಅಣ್ಣ ಮಾವ. ಮಾಲೀಕ ಮೇಲಿನ ಕೋರ್ಟಿಗೆ ಹೋಗಿದ್ದ, ವರ್ಕ್‌ಶಾಪ್ ಉಳಿಯಬೇಕಾದರೆ ಮಾವನಿಗೆ ಸೀನಿಯರ್ ಇನ್ನೂ ಬೇಕಾಗಿದ್ದರು. ಆ ಭಾನುವಾರ ನಾಯಂಡಹಳ್ಳಿಯಲ್ಲಿ ಏನು ಮಾತಾಯಿತು? ಸೀನಿಯರ್ ಬೇಡಿಕೊಂಡರೋ, ಕೇಸಿನ ನೆನಪು ಮಾಡಿದರೋ, ಹೆಣ್ಣುಮಗಳಿಗೆ ಯಾಕೆ ಇದೆಲ್ಲ ಎಂದು ಇಬ್ಬರೂ ಕಾಫಿ ಕುಡಿಯುತ್ತಾ ನಗುನಗುತ್ತಲೇ ಒಪ್ಪಿಕೊಂಡರೋ... ಒಂದೊಂದು ವರ್ಷ ಒಂದೊಂದನ್ನು ನಂಬಿದ್ದೇನೆ.

ಮನೆಯಲ್ಲಿ ತೋರಿಸಲು ಏನೂ ಉಳಿಯಲಿಲ್ಲ. ಬ್ಯಾಂಕ್ ಪರೀಕ್ಷೆ ಬರೆದೆ, ಪಾಸಾಯಿತು. ಮತ್ತೆ ಯಾವ ಕೋರ್ಟಿನಲ್ಲೂ ನಿಂತು ಪ್ರಶ್ನೆ ಕೇಳಲಿಲ್ಲ. ನಿವೃತ್ತಿಯವರೆಗೂ ಬ್ಯಾಂಕಿನ ಕಾನೂನು ವಿಭಾಗದಲ್ಲಿ ಬೇರೆಯವರು ಗೆದ್ದ, ಸೋತ ಕೇಸುಗಳ ಟಿಪ್ಪಣಿ ಬರೆದೆ, ಅದೂ ಸೀನಿಯರ್ ಕಲಿಸಿದ ಹಾಗೆಯೇ. ಏನು ಕಷ್ಟ ಇತ್ತು, ಏನು ಮಾಡಿದರು, ಏನಾಯಿತು. ಸೀನಿಯರ್ ತೀರಿಕೊಂಡಾಗ ಹೋಗಲಿಲ್ಲ. ಮಗಳು ಯಾಕೆ ಎಂದು ಕೇಳಿದ್ದಕ್ಕೆ ತಲೆನೋವು ಎಂದೆ. ಅವರ ಮೇಲಿನ ಸಿಟ್ಟು ಹಾಗೇ ಇದೆ. ಅವರಷ್ಟು ಒಳ್ಳೆಯ ಗುರು ಮತ್ತೆ ಸಿಗಲಿಲ್ಲ ಎಂಬುದೂ ಹಾಗೇ ಇದೆ.

ಕಳೆದ ವಾರ ಹೋದದ್ದು ಮಾವನ ಮನೆಗೇ. ವರ್ಕ್‌ಶಾಪ್ ಮುಚ್ಚಿ ಬಹಳ ಕಾಲವಾಯಿತು. ಮಾವ ಈಗ ಕೆಂಗೇರಿ ಉಪನಗರದಲ್ಲಿ ಮಗ-ಸೊಸೆಯ ಜೊತೆ ಇದ್ದಾರೆ. ಎಂಬತ್ತು ದಾಟಿದ್ದರೂ ನೆನಪು ಚುರುಕು.

"ಏನಮ್ಮ, ದಾರಿ ತಪ್ಪಿ ಬಂದ್ಯಾ?" ಎಂದು ಕೈ ಹಿಡಿದು ಕೂರಿಸಿಕೊಂಡರು. ಕಾಫಿ ತಂದ ಸೊಸೆಗೆ, "ಇವಳೇ ಕಣಮ್ಮ, ನಮ್ಮ ಮಾಲೀಕನಿಗೆ ಕೋರ್ಟಲ್ಲಿ ಬೆವರಿಳಿಸಿದ್ದು. ಏನು ಪ್ರಶ್ನೆ ಅಂತೀಯ! ನಾನು ಕಣ್ಣಾರೆ ನೋಡಿದೀನಿ," ಎಂದರು. ಹೆಮ್ಮೆಯಿಂದಲೇ ಹೇಳಿದರು. ಸೊಸೆ ಮೆಚ್ಚಿಕೊಂಡು ಒಳಗೆ ಹೋದಳು.

ಆಗ, ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿಬಿಟ್ಟೆ. ಸ್ವರ ಏರಿಸಲಿಲ್ಲ ಎಂದುಕೊಂಡಿದ್ದೇನೆ. ಮಾವ ನನ್ನ ಕೈ ಬಿಟ್ಟು ಲೋಟ ಎತ್ತಿಕೊಂಡರು, ಬಿಸಿಯಿದೆ ಎಂಬಂತೆ ಮತ್ತೆ ಕೆಳಗಿಟ್ಟರು. ನಾನು ಕಾದೆ. ಹೊತ್ತಾಯಿತು, ಎದ್ದೆ. ಗೇಟಿನವರೆಗೂ ಜೊತೆಗೆ ಬಂದರು. ಅಲ್ಲಿಂದ ಈಚೆಗೆ ಫೋನೂ ಇಲ್ಲ. ನಾನು ಕೇಳಿದ್ದು ಇಷ್ಟೇ:

"ಎಲ್ಲಾ ನೋಡಿದ್ರಲ್ಲ ಮಾವ, ಮತ್ತೆ ಡೈರೆಕ್ಟರಿಯೋರು ಬಂದು ಕೇಳಿದಾಗ ನನ್ನ ಹೆಸರು ಯಾಕೆ ಹೇಳಲಿಲ್ಲ?"